ವಿಭೂತಿ ಹಚ್ಚಿಕೊಂಡ ಕೋಳಿಮರಿಗಳು

ನಮ್ಮ ಅತ್ತೆಯವರು ಜನ್ಮದಲ್ಲಿ ಮೊಟ್ಟೆ ಮುಟ್ಟಿದವರಲ್ಲ. ಆದರೂ ಯಾವ ಮಾತು ಬಂದರೂ "ಕೋಳೀನ ಕೇಳಿ ಮಸಾಲಿ ಅರೀತಾರೇನು?" ಎನ್ನುವುದು ಅವರಿಗೆ ರೂಢಿ. ಎಂಬತ್ತರ ದಶಕದ ಆರಂಭದಲ್ಲಿ ನಾನು ಖಾನಾಪುರದ ಆ ಮನೆಗೆ ಸೊಸೆಯಾಗಿ ಬಂದ ಹೊಸತು. ಈ ಗಾದೆ ದಿನಕ್ಕೊಮ್ಮೆಯಾದರೂ ನನ್ನ ಮೇಲೆ ಬೀಳುತ್ತಿತ್ತು. ನಾನು ಬೆಳಗಾವಿಯ ಕ್ಯಾಂಪಿನಲ್ಲಿ, ಮಿಲಿಟರಿಯವರ ನಡುವೆ ಬೆಳೆದವಳು. ನನ್ನ ರೊಟ್ಟಿ ದಪ್ಪ, ನಗು ಜೋರು, ತಲೆಯ ಮೇಲೆ ಸೆರಗು ನಿಲ್ಲುವುದಿಲ್ಲ. ಅತ್ತೆಯವರ ಪ್ರಕಾರ ಎಲ್ಲದಕ್ಕೂ ಕಾರಣ ಕ್ಯಾಂಪು.

ಒಂದು ಚಳಿಗಾಲ ಪಕ್ಕದ ಮನೆಯ ಮರಾಠಿ ಬಾಯಿ ಮಗಳ ಬಾಣಂತನಕ್ಕೆಂದು ಬೆಳಗಾವಿಗೆ ಹೊರಟಳು. ಕಾವಿಗೆ ಕೂತಿದ್ದ ಎರಡು ಕೋಳಿಗಳನ್ನು ಬುಟ್ಟಿಸಮೇತ ತಂದು ನಮ್ಮ ದನದ ಕೊಟ್ಟಿಗೆಯಲ್ಲಿಟ್ಟಳು.

"ಒಂದರ ತತ್ತಿ ಇವತ್ತೋ ನಾಳೆನೋ ಒಡೀತಾವು ಕಾಕೂ. ಈ ಕೆಂಪೀದು ಮಾತ್ರ ಗೊಡ್ಡು ತತ್ತಿ, ಮರಿ ಆಗೂದಿಲ್ಲ. ಆದ್ರೂ ಏಳವಲ್ಲದು. ಭಾಳ ಹಟಮಾರಿ."

"ನೀ ಚಿಂತಿ ಬಿಟ್ಟು ಹೋಗವಾ. ನಿನ್ನ ಕೋಳಿ, ನಿನ್ನ ಮರಿ ಎಲ್ಲಾ ನನ್ನ ಜವಾಬ್ದಾರಿ," ಎಂದು ಅತ್ತೆ ಕೋಳಿಗಳ ಕಡೆ ನೋಡದೆಯೇ ಮಾತು ಕೊಟ್ಟುಬಿಟ್ಟರು. ನುಚ್ಚು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಕ್ಯಾಂಪಿನವಳಿಗೆ ಹೇಸಿಗೆ ಇರುವುದಿಲ್ಲವಂತೆ.

ಮರುದಿನವೇ ಒಂದು ಬುಟ್ಟಿಯಲ್ಲಿ ಆರು ಮರಿ ಹೊರಬಂದವು. ಅದರ ಮಾರನೆಯ ಬೆಳಗ್ಗೆ ಹೋಗಿ ನೋಡಿದರೆ ತಾಯಿಯೇ ಇಲ್ಲ. ಕಾಡುಬೆಕ್ಕು ಹೊತ್ತೊಯ್ದಿತ್ತು. ಮರಿಗಳು ಮೇವಿನ ಕೆಳಗೆ ಒಂದಕ್ಕೊಂದು ಅಂಟಿಕೊಂಡು ಚಳಿಗೆ ನಡುಗುತ್ತಿದ್ದವು. ಅತ್ತೆಯ ಮುಖ ಸಣ್ಣದಾಯಿತು.

"ಮಾತು ಕೊಟ್ಟೀನಲ್ಲವಾ. ಆಕಿ ಅಲ್ಲಿ ಹೊಸಾ ಕೂಸು ಆಡಿಸಿ ಬರತಾಳ, ನಾ ಇಲ್ಲಿ ಸತ್ತ ಮರಿ ತೋರಸಲೇನು?"

ನಮಗಿಬ್ಬರಿಗೂ ಕೋಳಿಯ ವಿಷಯ ಏನೇನೂ ಗೊತ್ತಿರಲಿಲ್ಲ. ಆದರೆ ಅತ್ತೆಗೆ ಬಾಣಂತನ ಗೊತ್ತಿತ್ತು. ಓಣಿಯ ಯಾವ ಹೆರಿಗೆಯೂ ಅವರ ಅಪ್ಪಣೆಯಿಲ್ಲದೆ ಆಗುತ್ತಿರಲಿಲ್ಲ ಎನ್ನಬಹುದು. ಅವರೇ ತೀರ್ಪು ಕೊಟ್ಟರು: "ಈ ಕಡೆ ಮರಿ ಇಲ್ಲದ ತಾಯಿ, ಆ ಕಡೆ ತಾಯಿ ಇಲ್ಲದ ಮರಿ. ಇದರಾಗ ಕೇಳೂದೇನೈತಿ?"

"ಕೋಳೀನ ಕೇಳಬೇಕಲ್ರಿ ಅತ್ತ್ಯಾರ," ಅಂದೆ. ಅವರು ನನ್ನನ್ನು ನೋಡಿದ ನೋಟಕ್ಕೆ ಒಲೆಯಿಲ್ಲದೆ ಹಾಲು ಕಾಯುತ್ತಿತ್ತು.

ಮರಿಗಳನ್ನು ಸೀದಾ ಬುಟ್ಟಿಗೆ ಬಿಟ್ಟಿದ್ದರೆ ಏನಾಗುತ್ತಿತ್ತೋ. ಆದರೆ ನಮ್ಮ ಮನೆಯಲ್ಲಿ ಹುಟ್ಟಿದ ಕೂಸಿಗೆ ವಿಭೂತಿ ಹಚ್ಚದೆ ತಾಯಿಯ ಮಗ್ಗುಲಲ್ಲಿ ಮಲಗಿಸುವ ಪದ್ಧತಿಯಿಲ್ಲ. ಕೋಳಿಯಾದರೇನು, ನಮ್ಮ ಕೊಟ್ಟಿಗೆಯದಲ್ಲವೇ? ಅತ್ತೆ ಒಂದೊಂದೇ ಮರಿಯನ್ನು ಕೈಗೆ ತಾಗದಂತೆ ಸೆರಗಿನಲ್ಲಿ ಹಿಡಿದು, ಹಳದಿ ಹಣೆಗೆ ಧಾರಾಳವಾಗಿ ವಿಭೂತಿ ಹಚ್ಚಿದರು. ಆರು ಪುಟ್ಟ ಸ್ವಾಮಿಗಳು ತಯಾರಾದರು. ಹಾಡುಹಗಲಲ್ಲಿ ಅವರನ್ನು ಕೆಂಪಿಯ ಮುಂದೆ ಸಾಲಾಗಿ ಬಿಟ್ಟೆವು.

ಕೆಂಪಿಗೆ ಕಂಡದ್ದು ಮರಿಗಳಲ್ಲ, ಆರು ಬಿಳಿ ಚುಕ್ಕೆ. ಕುತ್ತಿಗೆ ಚಾಚಿ ಮುಂದಿನ ಮರಿಯ ಹಣೆಗೇ ಕುಕ್ಕಿತು. ರಕ್ತ ಬಂತು. ನಾನು ಕೂಗುವುದರೊಳಗೆ ಅತ್ತೆ ಅದನ್ನು ಬರಿಗೈಯಲ್ಲಿ ಬಾಚಿ ಎದೆಗವಚಿಕೊಂಡಿದ್ದರು. ಸೆರಗಿನ ನೆನಪೇ ಅವರಿಗಿರಲಿಲ್ಲ.

"ನನ್ನ ಕೈಯಿಂದನ ಆತಲ್ಲ," ಅಂದರು. ಅವರು ತಪ್ಪು ಒಪ್ಪಿಕೊಂಡದ್ದನ್ನು ನಾನು ಅದೇ ಮೊದಲು ಕೇಳಿದ್ದು. ಗೇಲಿ ಮಾಡಲು ಬಾಯಿ ತೆರೆದವಳು ಬಟ್ಟೆ ಒದ್ದೆ ಮಾಡಿ ತರಲು ಓಡಿದೆ.

ಒದ್ದೆ ಬಟ್ಟೆಯಿಂದ ಆರೂ ಹಣೆಗಳನ್ನು ಒರೆಸಿದೆವು. ಗಾಯಕ್ಕೆ ಅರಿಶಿನ ಇಟ್ಟು, ಮರಿಗಳನ್ನು ಒಲೆಯ ಬಳಿ ಬುಟ್ಟಿಯಲ್ಲಿಟ್ಟುಕೊಂಡು ಸಂಜೆಯಾಗುವುದನ್ನೇ ಕಾದೆವು. "ಹೊಸಬರನ್ನ ಕತ್ತಲಾಗತಿದ್ದಂಗ ಒಳಗ ಕರಕೋಬೇಕು. ನಿನ್ನೂ ದೀಪಾ ಹಚ್ಚೂ ಹೊತ್ತಿಗೇ ಮನಿ ತುಂಬಿಸಿಕೊಂಡೀವಿ," ಎಂದು ಅತ್ತೆ ವಿವರಿಸಿದರು. ನನ್ನ ಮತ್ತು ಕೋಳಿಮರಿಯ ಶಾಸ್ತ್ರ ಒಂದೇ ಎಂದು ನನಗೆ ಅಂದು ತಿಳಿಯಿತು.

ಕತ್ತಲಾಗುತ್ತಲೇ ಅವರು ಎರಡೂ ಕೈಗಳನ್ನು ಕೆಂಡಕ್ಕೆ ಹಿಡಿದು ಬೆಚ್ಚಗೆ ಮಾಡಿಕೊಂಡರು. ತಣ್ಣನೆಯ ಕೈ ಬಾಣಂತಿಗೆ ಆಗಿಬರುವುದಿಲ್ಲವಂತೆ. ನಾನು ಕಂದೀಲು ಸಣ್ಣದು ಮಾಡಿ ಹಿಡಿದೆ. ಅತ್ತೆ ಮರಿಯನ್ನು ಅಂಗೈಯಲ್ಲಿ ಮುಚ್ಚಿ ಕೆಂಪಿಯ ಹೊಟ್ಟೆಯಡಿಗೆ ತೂರಿಸಿದರು. ಕೋಳಿ ಅವರ ಬೆರಳ ಗೆಣ್ಣಿಗೆ ಕುಕ್ಕಿತು. "ಶಿವಾ," ಅಂದರೇ ಹೊರತು ಕೈ ಎಳೆದುಕೊಳ್ಳಲಿಲ್ಲ. ಮರಿಯನ್ನು ಅಲ್ಲಿ ಬಿಟ್ಟು, ಒಂದು ಗೊಡ್ಡು ಮೊಟ್ಟೆಯನ್ನು ಹೊರತೆಗೆದು, ತಿರುಗಿ ನೋಡದೆ ಹಿಂದಕ್ಕೆ ಚಾಚಿದರು.

"ಏನೋ ಗುಂಡಂದು ಕೈಗೆ ಬಂತು, ಹಿಡಿ. ಏನಂತ ನನಗ ಹೇಳಬ್ಯಾಡ."

ನಾನೂ ಹೇಳಲಿಲ್ಲ. ಪ್ರತಿ ಮರಿಗೂ ಒಂದೊಂದು ಗುಂಡನೆಯದು ಬಂತು. ಗಾಯದ ಮರಿಯನ್ನು ಕೊನೆಗೆ ಬಿಟ್ಟರು. ಕೆಂಪಿ ಒಮ್ಮೆ ಮೈ ಉಬ್ಬಿಸಿ, ಅಲುಗಿ, ಮತ್ತೆ ಕೂತಿತು.

ಬೆಳಕಾದ ಮೇಲೆ ಅದು ಮರಿಗಳನ್ನು ಕಂಡು ಏನು ಮಾಡುತ್ತದೆ ಎನ್ನುವುದೇ ಭಯ. ಮರುದಿನ ಅತ್ತೆ ಲಿಂಗಪೂಜೆಗೂ ಕೂರದೆ ಕೊಟ್ಟಿಗೆಗೆ ಬಂದರು. ಕೆಂಪಿ ಎದ್ದು ನಿಂತಿತ್ತು. ಗಾಯದ ಮರಿ ತಡವರಿಸುತ್ತ ಅದರ ಮುಂದೆಯೇ ಬಂತು. ಕೊಕ್ಕು ಕೆಳಗಿಳಿಯಿತು. ಅತ್ತೆ ನನ್ನ ರಟ್ಟೆ ಹಿಡಿದುಕೊಂಡರು. ಕೆಂಪಿ ನೆಲದ ಮೇಲಿನ ನುಚ್ಚಿನ ಕಾಳೊಂದನ್ನು ಎತ್ತಿ, ಮರಿಯ ಮುಂದೆ ಹಾಕಿ, "ಕೊಕ್ ಕೊಕ್" ಎಂದು ಕರೆಯಿತು.

ಇಬ್ಬರೂ ಅಲ್ಲೇ ಕಲ್ಲಿನ ಮೇಲೆ ಕುಳಿತೆವು. ಅತ್ತೆಯ ಬೆರಳುಗಳು ಬಾತಿದ್ದವು. ಅವರ ಕೈಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಅರಿಶಿನ ಹಚ್ಚುತ್ತ, "ಎಂಥಾ ಕೆಟ್ಟ ಕೋಳಿ ನೋಡ್ರಿ," ಅಂದೆ.

"ಆಕೀನ್ನ ಬೈಬ್ಯಾಡವಾ. ಹೊಸಬರು ಬಂದ್ರ ಯಾರಿಗಾದರೂ ಅಂಜಿಕಿ ಆಗತೈತಿ."

"ನಾ ಬಂದಾಗ ನಿಮಗೂ ಆಗಿತ್ತೇನ್ರಿ?"

ಅತ್ತೆ ಮರಿಗಳನ್ನೇ ನೋಡುತ್ತಿದ್ದರು. "ಇನ್ನೂ ಪೂರಾ ಹೋಗಿಲ್ಲ ತಗೋ," ಅಂದರು. ಕೈ ಮಾತ್ರ ನನ್ನ ತೊಡೆಯ ಮೇಲೆಯೇ ಇತ್ತು.