ಫಸೀಲಾ ಹುಡುಕಿದ ಹಾಲಿನ ಪುಡಿ

ಫಸೀಲಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಕುವೈತಿನ ರಿಗ್ಗೈಯ ನಮ್ಮ ಕಟ್ಟಡದಲ್ಲಿ ಎದುರು ಬಾಗಿಲಿನವಳು. ಬೆಳಿಗ್ಗೆ ಲಿಫ್ಟಿನ ಹತ್ತಿರ ಸಿಕ್ಕರೆ ತಲೆಯ ಮೇಲಿನ ಶಾಲಿನ ಒಂದು ಮಡಿಕೆಯೂ ಕದಲಿರುವುದಿಲ್ಲ. ಹೆಗಲಿಗೆ ಲ್ಯಾಪ್‌ಟಾಪ್, ಕೈಯಲ್ಲಿ ಕೆ.ಜಿ.ಗೆ ಹೋಗುವ ಮಗಳು ನಶ್ರಾಳ ಟಿಫಿನ್ ಡಬ್ಬಿ. ನಾನೋ, ಮಗು ಕಕ್ಕಿದ ಕಲೆಯ ನೈಟಿಯಲ್ಲಿ ಕಸದ ಚೀಲ ಹಿಡಿದು ನಿಂತಿರುತ್ತೇನೆ.

"ಎಂತ ಸೌಂದರ್ಯಾ, ನಿದ್ದೆ ಆಗ್ಲಿಲ್ವಾ?" ಎನ್ನುತ್ತಾಳೆ. ಪ್ರೀತಿಯಿಂದಲೇ ಕೇಳುತ್ತಾಳೆ. ಅದೇ ಸಹಿಸಲಾಗದ್ದು.

ಅವಳೂ ನನ್ನಂತೆ ಕಂಪ್ಯೂಟರ್ ಎಂಜಿನಿಯರಿಂಗ್ ಓದಿದವಳೇ. ಅಪ್ಪ ಕಾಸಿಂ ಕುಂಞಿ ಕುವೈತಿನ ದಿನಸಿ ಅಂಗಡಿಯಲ್ಲೇ ತಲೆ ನರೆಸಿಕೊಂಡವರು. ಉಪ್ಪಿನಂಗಡಿಯಲ್ಲಿ ತಾಯಿ ಸುಬೈದಾ, "ಇವಳ ಮದುವೆ ಮಾತು ಓದು ಮುಗಿದ ಮೇಲೆ" ಎಂದು, ಸಂಬಂಧ ತಂದ ನೆಂಟರಿಗೆ ಚಹಾ ಕೊಟ್ಟು ವಾಪಸು ಕಳಿಸುತ್ತಿದ್ದರಂತೆ. ಮಂಗಳೂರಿನ ಕಾಲೇಜು ಮುಗಿದ ಮೇಲೆ ನಿಝಾಮ್ ಜೊತೆ ಮದುವೆಯಾಗಿ ಇಲ್ಲಿಗೆ ಬಂದಳು. ಓದಿಗೆ ತಕ್ಕ ಕೆಲಸ ಸಿಗದೆ ಮೊದಲು ಅತ್ತರಿನ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಿದ್ದಳು. ಅಲ್ಲಿ ಸುಮ್ಮನೆ ಕೂರಲಾಗದೆ, ಕೇಳಿದ ಸೀಸೆ ಯಾವ ಕಪಾಟಿನಲ್ಲಿದೆಯೆಂದು ಹುಡುಕುವ ಸಣ್ಣದೊಂದು ಪ್ರೋಗ್ರಾಂ ಬರೆದಳು. ಅದನ್ನು ನೋಡಿದ ಗಿರಾಕಿಯೊಬ್ಬರು ಔಷಧಿ ಅಂಗಡಿಗಳ ಕಂಪನಿಯ ಮ್ಯಾನೇಜರಾಗಿದ್ದರು. "ನಮ್ಮ ಅಂಗಡಿಗಳಿಗೂ ಇಂಥದೊಂದು ಮಾಡಿಕೊಡುತ್ತೀಯಾ?" ಎಂದರು. ಅಷ್ಟೇ, ಫಸೀಲಾ ಆಫೀಸಿಗೆ ಹೋಗುವವಳಾದಳು. ಹುಬ್ಬಳ್ಳಿಯಲ್ಲಿ ಓದಿ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್ ಆಗಿದ್ದ ನನ್ನ ಮುಂದೆ ಮಾತ್ರ ಅಂಥ ಗಿರಾಕಿ ಯಾರೂ ಬಂದು ನಿಲ್ಲಲಿಲ್ಲ.

ನನ್ನ ಗಂಡ ಅನಿಕೇತ ಅಹ್ಮದಿಯಲ್ಲಿ ತೈಲ ಕಂಪನಿಯ ಎಂಜಿನಿಯರು. ಊಟಕ್ಕೆ ಕೂತರೆ ಸಾಕು, "ಫಸೀಲಾನ್ನ ನೋಡು, ಮನಿ, ಕೆಲಸ ಎರಡೂ ಹೆಂಗ ತೂಗಸ್ತಾಳ" ಎನ್ನುತ್ತಾನೆ. ನೋಡದೆ ಏನು? ದಿನಾ ನೋಡುತ್ತಲೇ ಇದ್ದೇನೆ.

ಆ ವರ್ಷ, ೨೦೧೪ರ ಬೇಸಿಗೆಯಲ್ಲಿ, ನನ್ನ ಮಗ ನಿನಾದನಿಗೆ ಎಂಟು ತಿಂಗಳು. ಹಸುವಿನ ಹಾಲಿನ ಅಂಶ ಸ್ವಲ್ಪ ತಾಗಿದರೂ ಮೈತುಂಬ ಕೆಂಪು ದದ್ದು, ಕಕ್ಕದಲ್ಲಿ ರಕ್ತ. ನನ್ನ ಹಾಲು ಬೇಗನೆ ಬತ್ತಿತ್ತು. (ಫಸೀಲಾ ನಶ್ರಾಳಿಗೆ ಎರಡು ವರ್ಷ ಕುಡಿಸಿದಳಂತೆ. ನಾನು ಕೇಳಿರಲಿಲ್ಲ.) ಡಾಕ್ಟರು ಬರೆದುಕೊಟ್ಟ, ಇಂಥ ಮಕ್ಕಳಿಗೆಂದೇ ತಯಾರಿಸಿದ ಒಂದೇ ಒಂದು ಹಾಲಿನ ಪುಡಿ ಅವನಿಗೆ ಒಗ್ಗುತ್ತಿತ್ತು. ಅದು ಸಿಗುತ್ತಿದ್ದದ್ದೂ ಫಸೀಲಾಳ ಕಂಪನಿಯ ಅಂಗಡಿಗಳಲ್ಲಿ ಮಾತ್ರ. ಇದ್ದಕ್ಕಿದ್ದಂತೆ ಎಲ್ಲಿ ಕೇಳಿದರೂ ಖಲಾಸ್ ಎನ್ನತೊಡಗಿದರು. ಫರ್ವಾನಿಯಾದಲ್ಲಿ ಖಲಾಸ್, ಸಾಲ್ಮಿಯಾದಲ್ಲಿ ಖಲಾಸ್. "ಬೇರೆ ಬ್ರಾಂಚಿನಲ್ಲಿ ನೋಡಿ" ಎಂದರೆ ಕಂಪ್ಯೂಟರ್ ನೋಡಿ, ಅಲ್ಲೂ ಇಲ್ಲವೆನ್ನುತ್ತಿದ್ದರು. ಮನೆಯ ಡಬ್ಬಿಯ ತಳದಲ್ಲಿ ಚಮಚ ಕೆರೆಯುವ ಸದ್ದು ಕೇಳಿಸತೊಡಗಿತು. ಮುಗಿದರೆ ಮಗುವಿಗೆ ಏನು ಕುಡಿಸಲಿ?

ಇಲ್ಲಿ ವಾರದ ರಜೆಯಾದ ಶುಕ್ರವಾರ ಮಧ್ಯಾಹ್ನ. ಅನಿಕೇತ ಡ್ಯೂಟಿಯಲ್ಲಿದ್ದ. ಬೇರೆ ದಾರಿ ಕಾಣದೆ, ಅಳುವ ಮಗುವನ್ನೆತ್ತಿಕೊಂಡು ಎದುರು ಮನೆಯ ಬೆಲ್ ಒತ್ತಿದೆ.

"ಫಸೀಲಾ, ಆ ಪುಡಿ ಎಲ್ಯಾದ್ರೂ ಐತೇನ್ ನೋಡ್ತೀರೇನ್ರಿ?"

"ಅಯ್ಯೋ, ಮೊದಲೇ ಹೇಳ್ಬಾರ್ದಾ ಮಾರಾಯ್ತಿ! ಬನ್ನಿ, ಕೂತ್ಕೊಳ್ಳಿ. ಮಗುವನ್ನು ಇಲ್ಲಿ ಕೊಡಿ."

ಬೆಳಿಗ್ಗೆಯಿಂದ ನನ್ನ ಕಿವಿ ಕೊರೆದಿದ್ದ ಮಗ ಅವಳ ಹೆಗಲಿಗೆ ಹೋದೊಡನೆ ಸುಮ್ಮನಾದ. ದ್ರೋಹಿ, ಎಂದುಕೊಂಡೆ.

ಅವಳು ಒಂದೇ ಕೈಯಲ್ಲಿ ಲ್ಯಾಪ್‌ಟಾಪ್ ತೆರೆದಳು. "ನೋಡಿ, ಇದು ಸರ್ಚ್ ಎಂಜಿನ್. ಎರಡು ಇಂಡೆಕ್ಸ್ ಉಂಟು. ಒಂದರಲ್ಲಿ ಸಾಮಾನಿನ ಹೆಸರು, ಅದರ ಕೋಡ್. ಇನ್ನೊಂದರಲ್ಲಿ ಯಾವ ಕೋಡ್‌ನ ಸಾಮಾನು ಯಾವ ಅಂಗಡಿಯಲ್ಲಿ ಎಷ್ಟು ಉಂಟು ಅಂತ."

"ಎರಡೂ ಜೋಡಿಸಿ ಒಂದಽ ಸಲ ಕೇಳೂದಲ್ಲ? ಡೇಟಾಬೇಸ್‌ನ್ಯಾಗ ಹಂಗಽ ಮಾಡ್ತಿದ್ವಿ." ನನಗೂ ಗೊತ್ತಿದೆ ಎಂದು ತೋರಿಸಬೇಕಿತ್ತು.

"ಇದರಲ್ಲಿ ಹಾಗೆ ಆಗುದಿಲ್ಲ. ಮೊದಲನೇದಕ್ಕೆ ಕೇಳಿ ಕೋಡ್‌ಗಳನ್ನು ತಗೊಳ್ಬೇಕು, ಮತ್ತೆ ಅದನ್ನು ಹಿಡ್ಕೊಂಡು ಎರಡನೇದಕ್ಕೆ ಹೋಗ್ಬೇಕು. ಹಡಗಲ್ಲಿ ಪ್ರತಿ ಸಲ ಹೊಸ ಮಾಲು ಬಂದಾಗ ಹೊಸ ಕೋಡ್ ಕೊಡ್ತಾರೆ. ಹಾಗಾಗಿ ಒಂದೇ ಪುಡಿಗೆ ಸುಮಾರು ಕೋಡ್. ಈಗ ಅಂಗಡಿಯವರು ಎಲ್ಲ ಇದನ್ನೇ ನೋಡುದು."

ಪುಡಿಯ ಹೆಸರು ಒತ್ತಿದಳು. ಹತ್ತು ಕೋಡ್ ಬಂದವು. ಅವನ್ನು ಎರಡನೆಯ ಇಂಡೆಕ್ಸಿಗೆ ಕೊಟ್ಟಳು. ಪರದೆ ಖಾಲಿ.

"ಎಲ್ಲೂ ಇಲ್ಲ ಸೌಂದರ್ಯಾ," ಎಂದಳು ಮೆಲ್ಲಗೆ.

ನನಗೆ ಅಳು ಬಂತು. ಅಷ್ಟರಲ್ಲೂ ಕಣ್ಣು ಪರದೆ ಬಿಟ್ಟು ಹೋಗಲಿಲ್ಲ. ಅವಳ ಈ ಹೊಳೆಯುವ ಕೆಲಸದಲ್ಲಿ ಒಂದಾದರೂ ಹುಳುಕು ಇರಲೇಬೇಕು, ಇಲ್ಲದಿದ್ದರೆ ದೇವರಿಗೆ ನ್ಯಾಯವೇ ಇಲ್ಲ ಎಂಬಂತೆ ನೋಡುತ್ತಿದ್ದೆ.

"ಬ್ಯಾರೆ ಏನರ ಹುಡುಕ್ರಿ. ಜ್ವರದ ಸಿರಪ್ ಹುಡುಕ್ರಿ."

"ಈಗ ಯಾಕೆ?"

"ಹುಡುಕ್ರಿ."

ಹತ್ತು ಕೋಡ್ ಬಂದವು. ಡಯಾಪರ್ ಎಂದೆ. ಹತ್ತು. ಟೂತ್‌ಪೇಸ್ಟ್ ಎಂದೆ. ಅದೂ ಹತ್ತೇ.

"ಏನ್ರಿ ಫಸೀಲಾ, ನಿಮ್ಮ ಕಂಪನ್ಯಾಗ ಜಗತ್ತಿನ ಸಾಮಾನೆಲ್ಲಾ ಹತ್ತ ಹತ್ತಽ ಅದಾವೇನು?"

ಅವಳು ನನ್ನ ಮುಖ ನೋಡಿದಳು, ಪರದೆ ನೋಡಿದಳು. "ಯಾ ಅಲ್ಲಾಹ್!" ಎಂದು ಹಣೆ ಬಡಿದುಕೊಂಡಳು. ಎಷ್ಟು ಉತ್ತರ ಬೇಕೆಂದು ಹೇಳದಿದ್ದರೆ ಆ ಎಂಜಿನ್ ಮೊದಲ ಹತ್ತನ್ನು ಮಾತ್ರ ಕೊಟ್ಟು ಸುಮ್ಮನಾಗುತ್ತದಂತೆ. ಅವಳು ಹೇಳಲು ಮರೆತಿದ್ದಳು. ಆ ಹತ್ತೂ ಎಂದೋ ಖಾಲಿಯಾದ ಹಳೆಯ ಮಾಲಿನ ಕೋಡ್‌ಗಳು. ಹೊಸ ಮಾಲಿನ ಕೋಡ್ ಹತ್ತರಾಚೆ ಉಳಿದು, ಎರಡನೆಯ ಇಂಡೆಕ್ಸನ್ನು ಮುಟ್ಟಿಯೇ ಇರಲಿಲ್ಲ. ಊರಿನ ಅಂಗಡಿಯವರೆಲ್ಲ ನನಗೆ ಖಲಾಸ್ ಎಂದದ್ದು ಇವಳ ಈ ಮರೆವನ್ನು ನೋಡಿಕೊಂಡು!

ಕೋಪ ಬರಬೇಕಿತ್ತು. ಬಂದದ್ದು ಖುಷಿ. ಬಿಸಿಲಲ್ಲಿ ಬಂದು ಎ.ಸಿ. ಮುಂದೆ ನಿಂತಂಥ ಖುಷಿ.

ಅವಳು ಸರಿಮಾಡಿ ಮತ್ತೆ ಒತ್ತಿದಳು. ಈ ಸಲ ಕೋಡ್‌ಗಳು ಪರದೆಯ ಕೆಳಗಿನವರೆಗೂ ಇಳಿದವು. ಎರಡನೆಯ ಇಂಡೆಕ್ಸಿನಿಂದ ಒಂದೇ ಒಂದು ಸಾಲು ಬಂತು: ಮಹಬೂಲಾ.

"ಯಲ್ಲಾ, ಏಳಿ," ಎಂದು ಫಸೀಲಾ ನಿಝಾಮ್‌ನ ಕಾರಿನ ಕೀಲಿ ತೆಗೆದುಕೊಂಡಳು. ನಶ್ರಾಳನ್ನು ಮನೆಯಲ್ಲಿದ್ದ ನಿಝಾಮ್‌ನ ಹತ್ತಿರ ಬಿಟ್ಟು ಹೊರಟೆವು. ಕಾರನ್ನೂ ಅವಳೇ ಓಡಿಸುತ್ತಾಳೆ. ನನಗೆ ಅದೂ ಬರುವುದಿಲ್ಲ.

ಮಹಬೂಲಾದ ಅಂಗಡಿಯವನು ಹಿಂದಿನ ಕಪಾಟಿನಿಂದ ಡಬ್ಬಿಗಳನ್ನು ತಂದು, ಮೇಲಿನ ಧೂಳು ಊದಿ ಕೌಂಟರಿನ ಮೇಲಿಟ್ಟ. ಈ ಬೀದಿಯಲ್ಲಿ ಇರುವವರೆಲ್ಲ ಊರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಬಂದ ಕೆಲಸಗಾರರು, ಎಳೆ ಮಗುವಿನ ಹಾಲು ಯಾರು ಕೇಳುತ್ತಾರೆ ಎಂದು ಹಿಂದಿಯಲ್ಲಿ ನಕ್ಕ. ನಾನು ಎಲ್ಲ ಡಬ್ಬಿಗಳನ್ನೂ ಬಾಚಿಕೊಂಡೆ.

ಕಾರಿನಲ್ಲೇ ಫ್ಲಾಸ್ಕಿನ ನೀರಲ್ಲಿ ಪುಡಿ ಕಲಸಿದೆ. ಫಸೀಲಾ ಬಾಟಲಿಗೆ ಕೈ ಚಾಚಿದಳು.

"ಬ್ಯಾಡ್ರಿ, ನಾನಽ ಕುಡಿಸ್ತೀನಿ."

ಮಗ ಗುಟುಕು ಗುಟುಕಾಗಿ ಎಳೆಯತೊಡಗಿದ. ಪಕ್ಕದಿಂದ ಮೂಗೇರಿಸುವ ಸದ್ದು ಬಂತು. ಫಸೀಲಾ ಸ್ಟೀರಿಂಗ್ ಹಿಡಿದು ಅಳುತ್ತಿದ್ದಳು. ಶಾಲು ಒಂದು ಕಡೆ ಜಾರಿತ್ತು. "ನನ್ನ ಒಂದು ತಪ್ಪಿಂದ ನಿಮ್ಮ ಮಗು ಉಪವಾಸ ಬೀಳ್ತಿತ್ತು. ಬೇರೆ ಯಾರಿಗೆಲ್ಲ ಇಲ್ಲ ಅಂತ ಹೇಳಿ ಕಳಿಸಿದ್ದಾರೋ. ನಾಳೆ ಹೋಗಿ ಎಲ್ಲ ಹೇಳ್ಬೇಕು ಮ್ಯಾನೇಜರಿಗೆ."

ಏನಾದರೂ ಸಮಾಧಾನ ಹೇಳೋಣವೆಂದು ಅವಳ ಕಡೆ ತಿರುಗಿದೆ. ಅಷ್ಟು ಅತ್ತರೂ ಕಣ್ಣಿನ ಕಾಡಿಗೆ ಒಂದಿಷ್ಟೂ ಹರಡಿರಲಿಲ್ಲ.

"ಮತ್ತೆ ಇನ್ನೊಂದು," ಎಂದು ಅವಳು ಕಣ್ಣೊರೆಸಿಕೊಂಡು ನಕ್ಕಳು. "ನೀವು ನನ್ನ ತಪ್ಪನ್ನೇ ಹುಡುಕ್ತಾ ಕೂತದ್ದು ನನಗೆ ಗೊತ್ತಾಯ್ತು. ನಮ್ಮ ಆಫೀಸಲ್ಲಿ ಅದಕ್ಕೇ ಒಂದು ಜನ ಬೇಕು, ಸಂಬಳ ಕೊಡ್ತಾರೆ. ಕೇಳ್ಲಾ?"

ಹೊಟ್ಟೆ ತುಂಬಿದ ಮಗ ಬಾಟಲಿ ಬಿಟ್ಟು ಅವಳ ಕಡೆ ಕೈ ಚಾಚಿದ. ನಾನು ಆ ಕೈ ಹಿಡಿದು ಮಡಿಲಲ್ಲೇ ಇಟ್ಟುಕೊಂಡೆ.

"ಕೇಳ್ರಿ," ಎಂದೆ. "ಅದಕ್ಕೂ ಮೊದಲು ಆ ಕಾಡಿಗಿ ಯಾವ ಕಂಪನೀದು ಹೇಳ್ರಿ."