ಎಡಗಿವಿ ದಪ್ಪದ ಪಿಟೀಲು

ಪಿಟೀಲು ರಿಪೇರಿ ಮಾಡುವ ಕಿವಿಯಣ್ಣನ ಕಿವಿ ಎಂಥದ್ದೆಂದರೆ, ಪಕ್ಕದ ಬೀದಿಯಲ್ಲಿ ಇರುವೆ ಎಡವಿ ಬಿದ್ದರೂ ಅದು ಯಾವ ಶ್ರುತಿಯಲ್ಲಿ ಬಿತ್ತೆಂದು ಹೇಳುತ್ತಿದ್ದ. ಮೂವತ್ತೈದು ವರ್ಷದಲ್ಲಿ ಅವನ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಬಂದದ್ದು ಒಂದೇ ಸಲ. ಅದೂ ಡಬ್ಬಿಯ ಬಿಸ್ಕತ್ತು ಏನಾಯಿತೆಂದು ಹೆಂಡತಿ ಕೇಳಿದಾಗ.

ಆನ್‌ಲೈನ್ ಹರಾಜು ಬಂದಮೇಲೆ ಅವನ ಅಂಗಡಿ ಕೋರ್ಟಿನಂತಾಯಿತು. ಚಪ್ಪಲಿ ಬೆಲೆಗೆ ಇನ್ನೂರು ವರ್ಷದ ಪಿಟೀಲು ಹೊಡೆದೆವೆಂದು ಬೀಗುತ್ತ ಬಂದವರೆಲ್ಲ ‘ನಕಲಿ’ ಎಂಬ ಅವನ ತೀರ್ಪು ಕೇಳಿ ಜೋಲುಮುಖ ಹಾಕಿಕೊಂಡು ಹೋಗುತ್ತಿದ್ದರು. ಒಂದು ಪಿಟೀಲಂತೂ ಅವನು ಸೀನಿದ ರಭಸಕ್ಕೇ ಎರಡು ಹೋಳಾಯಿತಂತೆ.

ಆ ಶನಿವಾರ ಮಧ್ಯಾಹ್ನ ಅಕ್ಕನ ಮಗಳು ಅಂಥದ್ದೇ ಹರಾಜಿನಲ್ಲಿ ಕೊಂಡ ಪಿಟೀಲಿನ ಡಬ್ಬ ಅವುಚಿಕೊಂಡು ಬಂದಳು. ಅವಳ ಹಳೆಯ ಪಿಟೀಲಿನ ಕತ್ತು ಮುರಿದಿತ್ತು. ಸೋಮವಾರ ವಾದ್ಯವೃಂದದ ಆಯ್ಕೆ.

“ಮಾಮ, ಐದು ಗಂಟೆ ಒಳಗೆ ವಾಪಸ್ ಅಂತ ಹೇಳಿದ್ರೆ ತಗೋತಾರೆ. ಆಮೇಲೆ ಇಲ್ಲ. ಇಟ್ಕೊಳ್ಳೋದಾ, ಕಳಿಸೋದಾ?”

ಕಿವಿಯಣ್ಣ ಕನ್ನಡಕ ಏರಿಸಿದ. ಪಿಟೀಲಿನ ಎದೆಯ ಸೀಳಿನೊಳಗೆ ಯಾವುದೋ ದೂರದೇಶದ ಮಹಾಕುಶಲಿಯ ಹೆಸರಿನ ಚೀಟಿ. ಮೂಸಿದ.

“ಟೀಯಲ್ಲಿ ಅದ್ದಿ ಹಳೇದು ಮಾಡಿದ್ದಾರೆ. ಸಕ್ಕರೆ ಬೇರೆ ಜಾಸ್ತಿ!” ಕತ್ತಿನ ತುದಿಯ ಸುರುಳಿಯತ್ತ ಬೆರಳು ತೋರಿಸಿದ. “ಈ ಎರಡು ಕಿವಿ ನೋಡು. ಎಡಗಡೇದು ದಪ್ಪ. ಯಾವನೋ ಅರೆಬೆಂದ ಎಡಚನ ಕೆಲಸ. ಕಳಿಸ್ಬಿಡು ಪುಟ್ಟಿ.”

ಟೀ ತಂದ ಹೆಂಡತಿ ಸುರುಳಿಯನ್ನು ನೋಡಿದಳು, ಗಂಡನ ಎಡಗೈಯನ್ನೂ ನೋಡಿದಳು. “ರೀ, ನೀವು ಕೆತ್ತಿದ ನಮ್ಮನೆ ಮಂಚದ ಕಾಲೂ ಹೀಗೇ ಅಲ್ವಾ, ಎಡಗಡೆ ದಪ್ಪ?”

ಕಿವಿಯಣ್ಣನ ಮುಖ ಬಿಳುಚಿತು. ಹಲ್ಲಿನ ಡಾಕ್ಟರ ಪುಟ್ಟ ಕನ್ನಡಿಯನ್ನು ಸೀಳಿನೊಳಗೆ ತೂರಿಸಿ ಇಣುಕಿದ. ಮೂಲೆಯಲ್ಲಿ ಪೆನ್ಸಿಲಿನ ಕಾಗೆಕಾಲು! ತಾನು ಮಾಡಿದ ಪ್ರತಿ ವಾದ್ಯದೊಳಗೂ ಅವನು ಗೀಚುತ್ತಿದ್ದ ಗುರುತು.

“ಯಾರೋ ನನ್ನ ಗುರುತು ನಕಲು ಮಾಡಿದ್ದಾರೆ!”

“ನಿಮ್ದನ್ನಾ?” ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು. “ಮೂವತ್ತು ವರ್ಷದಿಂದ ಕಾಗದ ತರೋ ಪೋಸ್ಟ್‌ಮ್ಯಾನಿಗೇ ನಿಮ್ಮ ಹೆಸರು ನೆನಪಿರಲ್ಲ.”

ಆಗ ನೆನಪಾಯಿತು. ಹತ್ತೊಂಬತ್ತರ ಹರೆಯದಲ್ಲಿ ಮಾಡಿದ ಮೊದಲ ಪಿಟೀಲು. ಕೆಲಸ ಕಲಿಸಿದ ಮೇಸ್ತ್ರಿ ಅದನ್ನು ಬಾಗಿಲ ಬಳಿ ತೂಗುಹಾಕಿದ್ದರು. ಒಂದು ದಿನ ಮೊಳೆ ಮಾತ್ರ ಉಳಿದಿತ್ತು. ಅದು ಎಷ್ಟು ಮನೆ ಸುತ್ತಿತೋ, ಈ ಸುಳ್ಳು ಚೀಟಿಯನ್ನು ಯಾರು ಅಂಟಿಸಿದರೋ.

ಹುಡುಗಿ ಕಮಾನು ಎಳೆದಳು. ಕಿವಿಯಣ್ಣ ಕಣ್ಣು ಮುಚ್ಚಿದ. ಚೆನ್ನಾಗಿದೆ. ನಿಜವಾಗಿಯೂ ಚೆನ್ನಾಗಿದೆಯೋ, ತನ್ನದೆಂದು ಹಾಗೆ ಕೇಳಿಸುತ್ತಿದೆಯೋ? ಮುಂದಿನ ಸ್ವರಕ್ಕೆ, ಛೆ, ಡಬ್ಬ ಎನಿಸಿತು. ಮುಂಚೆ ಬೈದ ಬಾಯಿಗೆ ಕಿವಿಯೂ ತಲೆಯಾಡಿಸುತ್ತಿದೆಯೋ? ಇರುವೆಯ ಶ್ರುತಿ ಹಿಡಿಯುತ್ತಿದ್ದ ಕಿವಿ ಅಂದು ಕಕ್ಕಾಬಿಕ್ಕಿಯಾಗಿ ಕೂತಿತು.

“ಮಾಮ, ನಾಲ್ಕೂಮುಕ್ಕಾಲು. ಹೇಳಿ, ಅಸಲಿಯೋ ನಕಲಿಯೋ?”

“ಚೀಟಿ ನಕಲಿ. ಪಿಟೀಲು...” ಅವನು ಕನ್ನಡಕ ತೆಗೆದಿಟ್ಟ. “ಗೊತ್ತಿಲ್ಲ ಪುಟ್ಟಿ.”

ಹೆಂಡತಿ ಬೆಚ್ಚಿಬಿದ್ದು ಅವನ ಹಣೆ ಮುಟ್ಟಿ ನೋಡಿದಳು.

ಹುಡುಗಿ ಮತ್ತೊಮ್ಮೆ ನುಡಿಸಿದಳು, ಈ ಸಲ ಮಾಮನ ಮುಖ ನೋಡದೆ. ನಿಲ್ಲಿಸಿ, ತಂತಿ ಬಿಗಿಯುವ ಬಿರಡೆಗಳನ್ನು ಒಂದೊಂದಾಗಿ ತಿರುವಿ ನೋಡಿದಳು. “ಬಿರಡೆ ಒಂದೂ ಜಾರಿಲ್ಲ. ನನ್ನ ಕೈಗೆ ಸರಿಯಾಗಿದೆ. ಇಟ್ಕೋತೀನಿ. ಆ ಚೀಟಿ ಮಾತ್ರ ಕಿತ್ತುಬಿಡಿ.”

ಉದ್ದನೆಯ ಕಡ್ಡಿಗೆ ಒದ್ದೆಬಟ್ಟೆ ಸುತ್ತಿ ಅವನು ಚೀಟಿ ನೆನೆಸಿ ಎಬ್ಬಿಸಿದ. ಇನ್ನು ವಾಪಸಿನ ಮಾತೇ ಇಲ್ಲ. ಆ ಜಾಗಕ್ಕೊಂದು ಹೊಸ ಚೀಟಿ ಕತ್ತರಿಸಿ ತನ್ನ ಹೆಸರು ಬರೆಯಹೊರಟ. ಎರಡಕ್ಷರಕ್ಕೇ ಪೆನ್ಸಿಲು ನಿಂತಿತು.

“ಇನ್ನೊಂದ್ಸಲ ನುಡಿಸು ಪುಟ್ಟಿ,” ಎಂದ. “ಈ ಸಲ ನಾನು ನಿನ್ನ ಮಾಮನೂ ಅಲ್ಲ, ಇದನ್ನ ಮಾಡಿದವನೂ ಅಲ್ಲ. ಯಾರೋ ಗಿರಾಕಿ ಅಂದ್ಕೋ.”