ಅಣ್ಣನ ಹೆಸರಿಗೆ ಓಗೊಟ್ಟ ಹತ್ತು ತಿಂಗಳು

ನಮ್ಮಣ್ಣ ತೀರಿಕೊಂಡ ಮೇಲೂ ಒಂದು ವರ್ಷದ ತನಕ ಡಿಶ್ ಕಂಪನಿಯವರ ಪಾಲಿಗೆ ಬದುಕಿದ್ದ. ಅದರಲ್ಲಿ ಹತ್ತು ತಿಂಗಳ ಪಾಪ ನನ್ನದು.

ಬೇಕಂತಲೇ ಮಾಡಿದ್ದಲ್ಲ. 'ಹ್ಞಾ, ಹೇಳ್ರಿ' ಅಂದೆ, ಅಷ್ಟೆ. ನಮ್ಮ ಕಡೆ ಫೋನ್ ಕಿವಿಗೆ ಹಿಡಿದರೆ ಮೊದಲು ಬಾಯಿಗೆ ಬರುವುದೇ ಆ ಮಾತು. ಅದಕ್ಕೆ 'ಹೌದು' ಎಂಬ ಅರ್ಥವೇನೂ ಇಲ್ಲ. ಕಿವಿ ಇತ್ತ ಕಡೆ ಇದೆ, ಮಾತಾಡಿ ಅಂತ. ವಾಡಿಯ ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಕನ್ನಡ ಕಲಿಸಿದ ನನಗೆ, ಅದೇ ಮಾತು ಬೆಂಗಳೂರಿನ ಕಡೆ ಕೂತು ಫೋನ್ ಎತ್ತುವ ಹುಡುಗಿಗೆ ಹೇಗೆ ಕೇಳಿಸಬಹುದು ಎನ್ನುವುದು ಹೊಳೆಯಲಿಲ್ಲ.

ಅಣ್ಣನ ಮನೆ ಭಂಕೂರದಲ್ಲಿ. ಕಲ್ಲು ಪಾಲಿಶ್ ಮಾಡುವ ಮಷೀನಿನ ಮೇಲೆ ಅವನ ಕೆಲಸ. ಸಂಜೆ ಮನೆಗೆ ಬಂದಾಗ ಹುಬ್ಬಿನ ಮೇಲೆ ಕೂಡ ಬೂದಿ ಬಣ್ಣದ ಧೂಳು ಕೂತಿರುತ್ತಿತ್ತು. ಮನೆಯ ಚಾವಣಿಗೆ ಹಾಕಿದ ಕಲ್ಲಿನ ಚಪ್ಪಡಿಗೆ ತಾನೇ ತೂತು ಕೊರೆದು, ಬೋಲ್ಟ್ ಬಿಗಿದು, ಡಿಶ್ಶಿನ ತಟ್ಟೆ ಕೂಡಿಸಿದ್ದ. 'ಬಿರುಗಾಳಿ ಬಂದ್ರ ಮನಿ ಹಾರಬೇಕು, ಇದು ಹಾರಬಾರದು' ಅನ್ನುತ್ತಿದ್ದ. ಅವನ ದನಿ, ನನ್ನ ದನಿ ಒಂದೇ ತೆರ. ನಮ್ಮವ್ವ ಇದ್ದಾಗ, ಒಳಗಿನ ಕೋಣೆಯಿಂದ ನಾನು ನೀರು ಕೇಳಿದರೆ ಅವನ ಹೆಸರು ಹಿಡಿದು 'ತರ್ತೀನಿ ತಡಿ' ಅನ್ನುತ್ತಿದ್ದಳು.

ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ಮೂವತ್ತು ವರ್ಷದ ಸಂಸಾರದಲ್ಲಿ ಬಾಯಿ ಬಿಟ್ಟು ಹೇಳದ ಹೆಸರನ್ನು ನಾನು ಸಲೀಸಾಗಿ ಬರೆದುಬಿಡಲು ಮನಸ್ಸು ಬರುವುದಿಲ್ಲ. ವೈನಿ ಅಂಜುಬುರುಕಿ ಅಂತ ತಿಳಿಯಬೇಡಿ. ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಅವರದು. ಬೇಳೆಯಲ್ಲಿ ಹುಳ ಕಂಡ ದಿನ ಹೆಡ್ ಮಾಸ್ತರರ ಮೇಜಿನ ಮೇಲೆ ಅದೇ ಬೇಳೆ ಸುರಿದು, 'ಮೊದಲ ನೀವ್ ಉಣ್ರಿ' ಅಂದವರು. ಆದರೆ ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರೇನು ಅಂತ ಕೇಳಿದರೆ ಸುಮ್ಮನೆ ಕಾರ್ಡು ಮುಂದೆ ಸರಿಸುವರು, ಇಲ್ಲವೆ ಪಕ್ಕದವಳಿಗೆ 'ನೀ ಹೇಳವ್ವಾ' ಅನ್ನುವರು. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಸವೆಯುತ್ತದೆ ಅಂತ ಅವರ ತವರು ಸೇಡಂನಲ್ಲಿ ಕಲಿಸಿದ್ದರಂತೆ.

ಒಂದೇ ಒಂದು ಸಲ ಅಂದಿದ್ದರು, ಮದುವೆಯಾಗಿ ಬಂದ ದಿನ. ನಮ್ಮ ಓಣಿಯ ಹುಡುಗಿಯರು ಬಾಗಿಲಿಗೆ ಅಡ್ಡ ನಿಂತು, ಒಡಪು ಹಾಕಿ ಗಂಡನ ಹೆಸರು ಹೇಳಿದರೇ ಒಳಗೆ ಬಿಡುವುದು ಅಂತ ಹಟ ಹಿಡಿದರು. ಹಾಗೆ ಹಾಡಿನಲ್ಲಿ ಹೊಂದಿಸಿ ಹೇಳಿದರೆ ದೋಷವಿಲ್ಲ. ವೈನಿ ತಲೆ ತಗ್ಗಿಸಿ, 'ಕಾಗಿಣಾ ಹೊಳಿ ನೀರು ಕಲ್ಲಿಗಿ ತಂಪು' ಅಂತ ಶುರು ಮಾಡಿ, ಅಣ್ಣನ ಹೆಸರು ಹೇಳಿ, 'ರಾಯರ ಹೆಸರು ನನ್ನ ಬಾಯಿಗಿ ಇಂಪು' ಅಂತ ಮುಗಿಸಿದ್ದರು. ಇಂಪಾದ ಆ ಹೆಸರು ಅಲ್ಲಿಗೇ ನಿಂತಿತು.

ಅಣ್ಣ ಹೋದದ್ದು ಎದೆನೋವಿನಿಂದ, ಮಷೀನಿನ ಹತ್ತಿರವೇ. ಶಹಾಬಾದಿನ ದವಾಖಾನೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಆಮೇಲೆ ಒಂದೊಂದೇ ಕಡೆಯಿಂದ ಅವನ ಹೆಸರು ಹೊಡೆದು ಹಾಕಿದರು. ರೇಷನ್ ಕಾರ್ಡಿನಿಂದ ತೆಗೆದರು, ಮತದಾರರ ಪಟ್ಟಿಯಿಂದ ತೆಗೆದರು, ಕೆಲಸದ ಹಾಜರಿಯಿಂದ ತೆಗೆದರು. ಆ ಕಾಗದಗಳನ್ನು ಹಿಡಿದು ಚಿತ್ತಾಪುರಕ್ಕೆ ಓಡಾಡಿದವನು ನಾನೇ.

ಎರಡು ತಿಂಗಳು ಆ ಮನೆಯಲ್ಲಿ ಟಿವಿ ಹಚ್ಚಿರಲಿಲ್ಲ. ಆಮೇಲೆ ವೈನಿ ಅಂಗಡಿಯಲ್ಲಿ ರೀಚಾರ್ಜ್ ಮಾಡಿಸಿ ಹಚ್ಚಿದರೆ ಚಿತ್ರವಿಲ್ಲ. ಬಾಕ್ಸಿನ ಮೇಲೆ ಬರೆದ ನಂಬರಿಗೆ ಅವರೇ ಫೋನ್ ಮಾಡಿದರು. ಹುಡುಗಿ ಅಣ್ಣನ ಹೆಸರು ಹೇಳಿ, 'ಸರ್ ಇದಾರಾ ಮೇಡಂ?' ಅಂತ ಕೇಳಿದಳಂತೆ.

'ಇಲ್ರಿ,' ಅಂದರು ವೈನಿ.

'ಯಾವಾಗ ಬರ್ತಾರೆ ಮೇಡಂ?'

ವೈನಿ ಫೋನ್ ಇಟ್ಟುಬಿಟ್ಟರು. ನಮ್ಮಲ್ಲಿ ಹೆಂಗಸೊಬ್ಬಳು ಹಣೆ ಖಾಲಿ ಇಟ್ಟುಕೊಂಡು, ದನಿ ಇಳಿಸಿ 'ಇಲ್ರಿ' ಅಂದರೆ ಎದುರಿದ್ದವರು ಮುಂದೆ ಕೇಳುವುದಿಲ್ಲ. ಫೋನಿಗೆ ಹಣೆ ಕಾಣುವುದಿಲ್ಲ. ಮರುದಿನ ಭಾನುವಾರ, ನಾನು ವಾಡಿಯಿಂದ ರೈಲಿನಲ್ಲಿ ಶಹಾಬಾದಿಗೆ ಬಂದು, ಅಲ್ಲಿಂದ ಟಂಟಂ ಆಟೋ ಹಿಡಿದು ಭಂಕೂರ ಮುಟ್ಟಿದಾಗ ವೈನಿ ಮೊದಲು ಹೇಳಿದ್ದೇ ಇದನ್ನು.

'ಯಾವಾಗ ಬರ್ತಾರ ಅಂತ ಕೇಳಿದ್ಲು ತಮ್ಮಾ. ನಾ ಏನ್ ಹೇಳ್ಲಿ?'

ನನಗೆ ಸಿಟ್ಟು ನೆತ್ತಿಗೇರಿತು. ಆ ಹುಡುಗಿಗೆ ನಾಲ್ಕು ಮಾತು ಬಿಡಬೇಕು ಅಂತಲೇ ಫೋನ್ ಹಚ್ಚಿದೆ. ಒಂದು ಒತ್ತಿ, ಎರಡು ಒತ್ತಿ, ಬಾಕ್ಸಿನ ನಂಬರ್ ಒತ್ತಿ ಅಂತ ಮಷೀನು ಕುಣಿಸಿತು. ಇಪ್ಪತ್ತು ನಿಮಿಷ ಅದರ ಸಂಗೀತ ಕೇಳಿದ ಮೇಲೆ ಒಬ್ಬಳು ಬಂದಳು. ಅಣ್ಣನ ಹೆಸರು ಹಿಡಿದು, 'ಅವರಾ ಮಾತಾಡ್ತಿರೋದು?' ಅಂತ ಕೇಳಿದಳು.

'ಹ್ಞಾ, ಹೇಳ್ರಿ,' ಅಂದೆ.

ಅಷ್ಟಕ್ಕೆ ಅವಳು ಓಡಿದಳು. ದೃಢಪಡಿಸಿದ್ದಕ್ಕೆ ಧನ್ಯವಾದ ಸರ್, ಹುಟ್ಟಿದ ತಾರೀಖು ಹೇಳಿ ಸರ್. ತಿದ್ದಬಹುದಿತ್ತು. ಆದರೆ ತಿದ್ದಬೇಕಾದರೆ, ಬಾಗಿಲಿಗೆ ಒರಗಿ ನಿಂತ ವೈನಿಯ ಎದುರಿಗೆ 'ಅಂವ ಸತ್ತಾನ' ಅನ್ನಬೇಕು. ಅಣ್ಣನ ಹುಟ್ಟಿದ ತಾರೀಖು ಹೇಳಿದೆ. ಹಳೆ ನಂಬರ್ ಬಂದ್ ಆಗಿದೆಯಲ್ಲ, ಈಗ ಮಾಡಿದ ನಂಬರನ್ನೇ ಇಡಲಾ ಅಂತ ಕೇಳಿದಳು. ಹೂಂ ಅಂದೆ. ಬಾಕ್ಸ್ ಹಚ್ಚಿಡಿ, ಸಿಗ್ನಲ್ ಕಳಿಸ್ತೀನಿ ಅಂದಳು. ಬಿಡಬೇಕೆಂದಿದ್ದ ನಾಲ್ಕು ಮಾತು ಹಾಗೇ ಉಳಿದವು.

ಹತ್ತು ನಿಮಿಷಕ್ಕೆ ಟಿವಿ ಬೆಳಗಿತು. ಆ ಬಾಕ್ಸಿನ ರೀತಿ ಹೇಗೆಂದರೆ, ಹಚ್ಚಿದ ಕೂಡಲೇ ಪರದೆಯ ಕೆಳಗೆ ನೀಲಿ ಪಟ್ಟಿಯೊಂದು ಬಂದು ಗ್ರಾಹಕರ ಹೆಸರಿಗೆ ಸ್ವಾಗತ ಹೇಳುತ್ತದೆ, ಇಂಗ್ಲಿಷಿನಲ್ಲಿ. ಅಣ್ಣನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿಗೆ ಸೇರಿಸಿದ್ದರು, ಅವನು ಇರುವ ತನಕ ಅದಕ್ಕೆ ಬೈಯುತ್ತಿದ್ದ. ವೈನಿಗೆ ಇಂಗ್ಲಿಷ್ ಓದಲು ಬಾರದು. ಆ ಪಟ್ಟಿಯನ್ನು ಮಾತ್ರ ಗುರುತಿಸುತ್ತಿದ್ದರು. ಅದು ಬಂದು ಹೋಗುವ ತನಕ ಕಣ್ಣು ಪಿಳುಕಿಸಲಿಲ್ಲ.

'ಇದನ್ನ ನಿಮ್ಮ ಹೆಸರಿಗಿ ಮಾಡಿಸಿಬಿಡೂಣ್ರಿ ವೈನಿ,' ಅಂದೆ.

'ಬ್ಯಾಡ ತಮ್ಮಾ. ಎಲ್ಲಾ ಕಡಿಂದ ತಗದಾರ, ಇದೊಂದು ಉಳದದ. ನನಗಂತೂ ಬಾಯಿ ಬಿಟ್ಟು ಅನ್ನಲಿಕ್ಕ ಬರೂದಿಲ್ಲ. ಅದಾದ್ರೂ ದಿನಾ ಒಮ್ಮಿ ಅಂತದ.'

ಆಯಿತು ಅಂದೆ. ಹೊರಡುವಾಗ ವೈನಿ ನನ್ನ ಮುಖ ನೋಡದೆ ಇನ್ನೊಂದು ಮಾತು ಹೇಳಿದರು. 'ನೀ ಒಳಗ ಫೋನಿನ್ಯಾಗ ಮಾತಾಡಾಕತ್ತಿದ್ದಿ. ನಾ ಕಣ್ಣು ಮುಚ್ಚಿದ್ದೆ.' ನಾನು ಚಪ್ಪಲಿ ಮೆಟ್ಟಿ ಹೊರಬಿದ್ದೆ.

ಅಲ್ಲಿಂದ ನನ್ನ ಫೋನಿಗೆ ಅಣ್ಣ ಬರತೊಡಗಿದ. ಸೇವೆ ಹೇಗಿತ್ತು ಅಂತ ಅವನ ಹೆಸರಿಗೆ ಕರೆ, ಹೊಸ ಪ್ಯಾಕ್ ಬಂದಿದೆ ಅಂತ ಅವನ ಹೆಸರಿಗೆ ಕರೆ. ಹುಟ್ಟಿದ ದಿನ ನೂರು ಕಾಲ ಬಾಳಿ ಎಂಬ ಸಂದೇಶ ಬಂದಿತು. ಅದನ್ನು ಶಾಲೆಯ ವರಾಂಡದಲ್ಲಿ ನಿಂತು ಓದಿದೆ, ಗಂಟೆ ಹೊಡೆದದ್ದು ಕೇಳಿಸಲಿಲ್ಲ. ಚಿಕ್ಕವರಿದ್ದಾಗ ಅವ್ವ ಹೇಳುತ್ತಿದ್ದಳು: ಮುಸ್ಸಂಜೆ ಹೊತ್ತಿಗೆ ಯಾರಾದರೂ ಹೆಸರು ಹಿಡಿದು ಕರೆದರೆ ಒಮ್ಮೆಲೇ ಓ ಅನ್ನಬಾರದು, ಮೂರು ಸಲ ಕರೆಯುವ ತನಕ ತಡೆಯಬೇಕು, ದೆವ್ವಕ್ಕೆ ಮೂರನೇ ಸಲ ಕರೆಯಲು ಬರುವುದಿಲ್ಲ. ನಾನು ಒಂದೇ ಸಲಕ್ಕೆ ಓಗೊಡುತ್ತಿದ್ದೆ. ಅದೂ ನನ್ನದಲ್ಲದ ಹೆಸರಿಗೆ.

ಬರಬರುತ್ತ ಅದು ರೂಢಿಯಾಯಿತು. ನಿಜ ಹೇಳಬೇಕೆಂದರೆ, ಹಿಡಿಸಿತು. ಆ ಕರೆ ಬಂದರೆ ನಾನು ಅಣ್ಣನ ಹಾಗೆ ಮೊದಲು ಗಂಟಲು ಕೆರೆದುಕೊಂಡು, ಅವನ ಹಾಗೆ ಮಾತಿನ ಕೊನೆಗೆ 'ಖರೇ ಏನು?' ಅನ್ನುತ್ತಿದ್ದೆ. ಒಂದು ದಿನ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ಬಿಟ್ಟು ಹೊರಗೆ ಬಂದಳು. 'ಭಾವನವರು ಬಂದಾರೇನು ಅಂತ ಎದ್ದೆ,' ಅಂದಳು. ಆಮೇಲೆ ಬೈದಳು, 'ಹೋದವ್ರ ಹೆಸರು ಹಚ್ಕೊಂಡು ಆಟ ಆಡಬ್ಯಾಡ್ರಿ. ನನಗ ಅಂಜಿಕಿ ಬರ್ತದ.' ನನಗೂ ಬರುತ್ತಿತ್ತು. ಆದರೂ ಬಿಡಲಿಲ್ಲ.

ಮುಂದಿನ ಮಳೆಗಾಲದಲ್ಲಿ ಸಿಡಿಲು ಬಡಿದು ಬಾಕ್ಸು ಸುಟ್ಟಿತು. ಅಣ್ಣ ಬೋಲ್ಟ್ ಬಿಗಿದ ತಟ್ಟೆ ಮಾತ್ರ ಅಲುಗಿರಲಿಲ್ಲ. ಹೊಸ ಬಾಕ್ಸ್ ಕೂಡಿಸಲು ಶಹಾಬಾದಿನಿಂದ ನಡುವಯಸ್ಸಿನ ಸಾಬರೊಬ್ಬರು ಬಂದರು. ಗ್ರಾಹಕರು ಮನೆಯಲ್ಲಿ ಇರಲೇಬೇಕು ಅಂತ ಕಂಪನಿ ಹೇಳಿದ್ದರಿಂದ ನಾನು ಶಾಲೆಗೆ ರಜೆ ಹಾಕಿ ಹೋಗಿದ್ದೆ. ಅವರು ಫೋನ್ ನೋಡಿ ಅಣ್ಣನ ಹೆಸರು ಓದಿದರು.

'ನೀವೇ ಏನ್ರೀ?'

'ಹ್ಞಾ, ನಾನೇ,' ಅಂದೆ. ಈ ಸಲ ತಪ್ಪಿ ಬಂದ ಮಾತಲ್ಲ.

ಅವರು ವೈರು ಎಳೆಯಲು ಗೋಡೆ ನೋಡಿದರು. ಟಿವಿಯ ಮೇಲೇ ಅಣ್ಣನ ಫೋಟೋ, ಅದಕ್ಕೆ ಹಾರ. ಕೆಳಗೆ ಸ್ಟುಡಿಯೋದವರು ದಪ್ಪ ಅಕ್ಷರದಲ್ಲಿ ಹೆಸರು, ಹುಟ್ಟಿದ ದಿನ, ಹೋದ ದಿನ ಎಲ್ಲ ಬರೆದಿದ್ದರು. ಮನುಷ್ಯ ಅದನ್ನು ಓದಿ, ತನ್ನ ಫೋನ್ ಓದಿ, ನನ್ನ ಕಡೆ ತಿರುಗಿದರು.

'ಬುರಾ ಅನ್ಕೋಬ್ಯಾಡ್ರಿ ಯಜಮಾನ್ರ. ಈ ಹೆಸರಿನವ್ರು ನೀವಾದ್ರ, ಮ್ಯಾಲ ಇರೋರು ಯಾರ್ರೀ?'

ಅಡುಗೆಮನೆಯಿಂದ ವೈನಿ ಕೈ ಒರೆಸಿಕೊಳ್ಳುತ್ತ ಬಂದರು. 'ಇವರು ನಮ್ಮ ಮೈದುನರಿ,' ಅಂದರು. 'ಅವರು ಇಲ್ರಿ.'

ಸಾಬರು ಯಾವಾಗ ಬರುತ್ತಾರೆ ಅಂತ ಕೇಳಲಿಲ್ಲ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, 'ಅಲ್ಲಾ ಜನ್ನತ್ ಕೊಡ್ಲಿ ಅಕ್ಕಾ' ಅಂದರು. ಆಮೇಲೆ, ಇದು ಗೊತ್ತಿದ್ದೂ ಆ ಹೆಸರಿನ ಮೇಲೆ ಹೊಸ ಬಾಕ್ಸ್ ಕೂಡಿಸಿದರೆ ತಮ್ಮ ನೌಕರಿಗೆ ಕುತ್ತು ಅಂತ ತಿಳಿಸಿ ಹೇಳಿದರು. ಮನೆಯವರ ಹೆಸರಿಗೆ ಮಾಡಿಸಬೇಕು, ಹೆಂಡತಿಯೇ ಫೋನಿನಲ್ಲಿ ಮಾತಾಡಬೇಕು, ಮಾತು ರೆಕಾರ್ಡ್ ಆಗುತ್ತದೆ. ನಾನು ಏನೋ ಹೇಳಿ ತಪ್ಪಿಸಲು ಹೋದೆ. ವೈನಿ ತಡೆದರು.

'ಸಾಕು ತಮ್ಮಾ. ಅವರ ಹೆಸರು ಉಳೀಲಿ ಅಂತ ಆಸಿ ಮಾಡ್ದೆ. ನೀನೇ ಅವರಾಗ್ಲಿ ಅಂತ ಅಲ್ಲ. ಫೋನ್ ಹಚ್ಚು.'

ಹಚ್ಚಿ ಕೊಟ್ಟೆ. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದ್ದರು ಸಾಬರು. ಹುಡುಗಿ ವಿಷಾದ ಹೇಳಿದಳು, ಆಮೇಲೆ ಕೇಳಿದಳು, 'ದೃಢೀಕರಣಕ್ಕಾಗಿ ನಿಮ್ಮ ಪತಿಯವರ ಪೂರ್ತಿ ಹೆಸರು ಹೇಳಿ ಮೇಡಂ.'

ವೈನಿ ಸೆರಗಿನ ತುದಿ ಹಿಡಿದುಕೊಂಡರು. ನಾನು ಹಳೆ ರೇಷನ್ ಕಾರ್ಡು ಹುಡುಕಲು ಕೈ ಚಾಚಿದೆ, ಅದನ್ನು ಯಾರ ಮುಂದೆ ಸರಿಸುವುದು? ಆಗ ವೈನಿಯ ಬಾಯಿಂದ ಸಣ್ಣಗೆ ಬಂತು, 'ಕಾಗಿಣಾ ಹೊಳಿ ನೀರು ಕಲ್ಲಿಗಿ ತಂಪು...'

'ಮೇಡಂ? ಕ್ಷಮಿಸಿ, ಹೆಸರು ಮಾತ್ರ ಹೇಳಿ.'

ಆ ಹೆಸರನ್ನು ಹೇಳಲು ಅವರಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ಅದನ್ನೂ ಆ ಹುಡುಗಿ ಮುಚ್ಚಿದಳು. ವೈನಿ ಕಣ್ಣು ಮುಚ್ಚಿ ಬರೀ ಹೆಸರು ಅಂದರು.

'ಕೇಳಿಸ್ತಿಲ್ಲ ಮೇಡಂ. ಸ್ವಲ್ಪ ಜೋರಾಗಿ ಹೇಳಿ.'

ಇನ್ನೊಮ್ಮೆ ಅಂದರು. ರೆಕಾರ್ಡಿಗಾಗಿ ಕೊನೆಯದಾಗಿ ಒಂದು ಸಲ, ಬಿಡಿಸಿ ಬಿಡಿಸಿ ಹೇಳಿ ಅಂದಳು. ವೈನಿ ಫೋಟೋದ ಕಡೆ ಮುಖ ಮಾಡಿ, ಹೊಲದ ಆ ತುದಿಗೆ ನಿಂತವನನ್ನು ಕರೆದ ಹಾಗೆ ಕೂಗಿದರು. ಸಾಬರು ಅಂಗಳಕ್ಕೆ ಎದ್ದು ಹೋದರು. ನನಗೆ ಅಳು ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಹೊಸ ಬಾಕ್ಸು ವೈನಿಯ ಹೆಸರಿಗೆ ಸ್ವಾಗತ ಹೇಳಿತು. 'ನನ್ನ ಹೆಸರು ಹಿಡದು ಅವರೂ ಒಮ್ಮಿ ಕರದಿಲ್ಲ ನೋಡು,' ಅಂದರು ವೈನಿ. ನನ್ನ ಫೋನಿಗೆ ಅಣ್ಣ ಬರುವುದು ನಿಂತಿತು. ಎಷ್ಟು ಖಾಲಿ ಅನಿಸಿತು ಅಂತ ಹೆಂಡತಿಗೆ ಕೂಡ ಹೇಳಲಿಲ್ಲ.

ಹದಿನೈದು ದಿನದ ಮೇಲೆ ಭಂಕೂರಕ್ಕೆ ಹೋದೆ. ಟಂಟಂ ಇಳಿದಾಗ ದೀಪ ಹಚ್ಚುವ ಹೊತ್ತು. ಹೊಸ್ತಿಲ ಹೊರಗೆ ಚಪ್ಪಲಿ ಬಿಡುತ್ತಿದ್ದೆ. ಟಿವಿ ಸದ್ದಿರಲಿಲ್ಲ. ಒಳಗಿಂದ ವೈನಿ ಅಣ್ಣನ ಹೆಸರು ಹಿಡಿದು ಕರೆದರು, ಆ ಹುಡುಗಿ ಹೇಳಿಕೊಟ್ಟ ಹಾಗೇ, ಜೋರಾಗಿ. ನಾನು ನಿಂತೆ. ಸ್ವಲ್ಪ ತಡೆದು ಇನ್ನೊಮ್ಮೆ ಕರೆದರು. ಆಮೇಲೆ ಮೂರನೇ ಸಲ, ಬಿಡಿಸಿ ಬಿಡಿಸಿ.

ಹತ್ತು ತಿಂಗಳು ಆ ಹೆಸರಿಗೆ ಓಗೊಟ್ಟ ಬಾಯಿ ನನ್ನದು. ಗಂಟಲು ಅದಾಗಲೇ ಅಣ್ಣನ ಹಾಗೆ ಕೆರೆದುಕೊಂಡಿತ್ತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡೆ. ಒಳಗೆ ವೈನಿ ಕಾಯುತ್ತಿದ್ದರು.